ಮಳೆಯೂರಿನಲ್ಲಿ ಮೊಮ್ಮಗಳೊಡನೆ

ಆಷಾಢದ ಜಡಿಮಳೆಯಲ್ಲಿ, ಅದೂ ಒಂದೂಮುಕ್ಕಾಲು ವರ್ಷದ ಮಗುವನ್ನು ಕಂಕುಳಲ್ಲಿಟ್ಟುಕೊಂಡು, ಮಂಗಳೂರು ನೋಡಲು ಹೊರಟವನ ಕಥೆ ಹೇಳುತ್ತೇನೆಂದರೆ ನೀವು ನಗುವಿರಿ. ನಗಬೇಕಾದುದೇ. ಹೊರಡುವ ಮುನ್ನ ನನ್ನ ಹಳೆಯ ಕೊಡೆಯನ್ನು ರಿಪೇರಿಗೆ ಕೊಡಹೋದಾಗ ಅಂಗಡಿಯವನೂ ನಕ್ಕ. "ಏನು ಮೇಷ್ಟ್ರೇ, ಮಂಗಳೂರಿಗೆ ನೋಡೋಕೆ ಹೋಗ್ತೀರೋ, ನೆನೆಯೋಕೆ ಹೋಗ್ತೀರೋ?" ಎಂದ. 'ನೆನೆ' ಎಂಬ ಧಾತುವಿಗೆ ಕನ್ನಡದಲ್ಲಿ ಎರಡು ಅರ್ಥವಷ್ಟೆ. ತೋಯುವುದು ಒಂದು, ಸ್ಮರಿಸುವುದು ಇನ್ನೊಂದು. ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿದ ನನಗೆ ಆ ಹೊತ್ತಿನಲ್ಲಿ ಮೊದಲನೆಯ ಅರ್ಥವೊಂದೇ ಹೊಳೆಯಿತು. ಎರಡನೆಯದು ಹೊಳೆದುದು ಊರಿಗೆ ಹಿಂದಿರುಗಿ ಬಂದ ಮೇಲೆ.

ಇದು ಕೆಲವು ವರ್ಷಗಳ ಹಿಂದಿನ ಮಾತು. ನಮ್ಮದು ಅರಸೀಕೆರೆಯ ಕಡೆಯ ಬಯಲು ಸೀಮೆ. ತೆಂಗು, ರಾಗಿ, ಮೇಲೆ ನೀಲಿ ಆಕಾಶ. ನಮ್ಮಲ್ಲಿ ವರ್ಷವಿಡೀ ಬೀಳುವ ಮಳೆಯನ್ನೆಲ್ಲ ಕೂಡಿಸಿದರೂ ಮಂಗಳೂರಿನ ಮಳೆಯ ನಾಲ್ಕನೆಯ ಒಂದು ಪಾಲಾಗುವುದಿಲ್ಲ. ಅಲ್ಲಿ ವರ್ಷಕ್ಕೆ ಸರಾಸರಿ ೩,೫೦೦ ಮಿಲಿಮೀಟರಿಗೂ ಮಿಕ್ಕಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ; ಜುಲೈ ತಿಂಗಳದಂತೂ ಸಿಂಹಪಾಲು. ಇದೆಲ್ಲ ತಿಳಿದೂ ಜುಲೈ ತಿಂಗಳ ಕೊನೆಯ ವಾರದಲ್ಲಿ ಹೊರಟುದಕ್ಕೆ ಎರಡು ಕಾರಣಗಳಿದ್ದವು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನಿಗೂ ಸೊಸೆಗೂ ಒಟ್ಟಿಗೆ ರಜೆ ಸಿಕ್ಕಿದ್ದು ಆಗಲೇ. ನನ್ನ ಪಂಡಿತ ತರಬೇತಿಯ ಕಾಲದ ಸಹಪಾಠಿಯೊಬ್ಬರು ಮಂಗಳೂರಿನವರು, "ಎಂತ ಮಾರಾಯ, ನಮ್ಮೂರಿಗೆ ಎಲ್ಲರೂ ಬೇಸಗೆಯಲ್ಲಿ ಬಂದು ಸೆಖೆ ಸೆಖೆ ಎಂದು ಬೈದು ಹೋಗುವುದು. ನೀನಾದರೂ ಒಮ್ಮೆ ಮಳೆಗಾಲದಲ್ಲಿ ಬಾ, ಊರು ಹೇಗೆ ಉಂಟು ಅಂತ ಗೊತ್ತಾಗುತ್ತದೆ" ಎಂದು ವರ್ಷ ವರ್ಷವೂ ಕರೆಯುತ್ತಿದ್ದರು.

ಮೂರನೆಯ ಕಾರಣವೊಂದಿತ್ತು. ಅದನ್ನು ನಾವು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಮೊಮ್ಮಗಳಿಗೆ ಮಾತು ಬಂದಿರಲಿಲ್ಲ. ಅವಳ ಓರಗೆಯ ಮಕ್ಕಳು ಅಮ್ಮ, ಅಪ್ಪ, ಹಾಲು, ಕಾಕಾ ಎಂದು ಹತ್ತು ಹದಿನೈದು ಪದ ಆಡುತ್ತಿರುವಾಗ ಇವಳು ಬೆರಳು ತೋರಿಸುವಳು, ಊಂ ಎನ್ನುವಳು, ಅಷ್ಟೇ. ಮನೆಗೆ ಬಂದ ನೆಂಟರು ಮಗುವಿನ ಕಿವಿಯ ಬಳಿ ಚಿಟಿಕೆ ಹೊಡೆದು ನೋಡುವರು. "ಪಂಡಿತರ ಮೊಮ್ಮಗಳಿಗೆ ಮಾತೇ ಇಲ್ಲವೆ?" ಎಂದೊಬ್ಬರು ವಿನೋದಕ್ಕಾಗಿ ಅಂದರು. ವಿನೋದವೇ ಇರಬಹುದು; ಆ ರಾತ್ರಿ ನನ್ನ ಹೆಂಡತಿ ಊಟ ಮಾಡಲಿಲ್ಲ. ಕೊನೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದು ತೋರಿಸಿದೆವು. ಕಿವಿ ಚೆನ್ನಾಗಿ ಕೇಳುತ್ತದೆ ಎಂದು ತಿಳಿಯಿತು. ಕೆಲವು ತಿಂಗಳ ಮೇಲೆ ಮತ್ತೆ ಕರೆತನ್ನಿ, ಅಲ್ಲಿಯತನಕ ಮಗುವಿನೊಡನೆ ಹೆಚ್ಚು ಹೆಚ್ಚು ಮಾತನಾಡಿ. ಅವಳು ಏನನ್ನು ನೋಡುತ್ತಾಳೋ ಅದರ ಹೆಸರು ಹೇಳಿ. ಅದೇನು ಇದೇನು ಎಂದು ಪರೀಕ್ಷೆ ಮಾಡಬೇಡಿ, ಎಂಬುದು ನಮಗೆ ದೊರೆತ ಬುದ್ಧಿವಾದ.

ಬುದ್ಧಿವಾದದ ಮೊದಲನೆಯ ಭಾಗ ನನ್ನ ಕಿವಿಗೆ ಬಿತ್ತು, ಕಡೆಯ ಭಾಗ ಬೀಳಲಿಲ್ಲ. ಮಾತು ಕಲಿಸುವುದೇ ತಾನೆ ನನ್ನ ವೃತ್ತಿ? ಬೆಳಗಾದರೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಿತ್ರದ ಪುಸ್ತಕ ಬಿಡಿಸುವೆ. "ಇದೇನು, ಆನೆ. ಹೇಳು, ಆನೆ." ಅವಳು ನನ್ನ ಕನ್ನಡಕ ಕಿತ್ತುಕೊಳ್ಳುವಳು. "ಇದೇನು, ದೋಣಿ. ಹೇಳು." ಅವಳು ತೊಡೆಯಿಂದಿಳಿದು ಓಡುವಳು. ಹಾಗಾದರೆ ಚಿತ್ರದ ದೋಣಿಯ ಬದಲು ನಿಜವಾದ ದೋಣಿ ತೋರಿಸೋಣ, ನಿಜವಾದ ಕಡಲು ತೋರಿಸೋಣ, ಹೊಸ ಊರು ಹೊಸ ನೋಟ ಕಂಡಾಗ ಬಾಯಿ ಬಿಟ್ಟಾಳು ಎಂದು ಯೋಚಿಸಿದೆ. ಒಂದು ಹಾಳೆಯ ಮೇಲೆ ಪಟ್ಟಿ ಮಾಡಿದೆ. ಮೂರು ದಿನ, ಒಂಬತ್ತು ಸ್ಥಳ. ಶಾಲೆಯ ಪ್ರವಾಸಕ್ಕೆ ಮಾಡುವ ಹಾಗೆ ಪ್ರತಿಯೊಂದರ ಮುಂದೂ ಹೊತ್ತು ಬರೆದೆ. ಸೊಸೆ ಅದನ್ನು ಓದಿ, "ಮಾವ, ಇವಳ ಮಧ್ಯಾಹ್ನದ ನಿದ್ದೆ ಎಲ್ಲಿ ಬರೆದಿದ್ದೀರಿ?" ಎಂದಳು. "ಬಸ್ಸಿನಲ್ಲಿ ಮಲಗುತ್ತಾಳೆ" ಎಂದೆ.

ಹಾಸನದಲ್ಲಿ ಹಗಲು ರೈಲು ಹತ್ತಿದೆವು. ಈ ಹಾದಿಯದೇ ಒಂದು ಚರಿತ್ರೆ. ಹಾಸನ-ಮಂಗಳೂರು ಮೀಟರ್ ಗೇಜ್ ಮಾರ್ಗ ೧೯೭೯ರಲ್ಲಿ ತೆರೆಯಿತು. ೧೯೯೬ರಲ್ಲಿ ಗೇಜ್ ಬದಲಾವಣೆಗಾಗಿ ಮುಚ್ಚಿತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು ೨೦೦೭ರ ಡಿಸೆಂಬರಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಐವತ್ತೈದು ಕಿಲೋಮೀಟರ್ ಘಾಟಿಯಲ್ಲಿ ೫೭ ಸುರಂಗಗಳಿವೆ. ಇಳಿಜಾರು ಎಷ್ಟೆಂದರೆ ಐವತ್ತು ಅಡಿ ಮುಂದೆ ಹೋದರೆ ಒಂದಡಿ ಕೆಳಕ್ಕೆ. ದೊಡ್ಡ ಗಾಜಿನ ಕಿಟಕಿಗಳ ಬೋಗಿಯನ್ನು ೨೦೨೧ರಲ್ಲಿ ಸೇರಿಸಿದರು. ಅದರ ದರ ನೋಡಿ ನಾವು ಸಾಧಾರಣ ಬೋಗಿಯಲ್ಲೇ ಕುಳಿತೆವು. ಹಾಸನದಲ್ಲಿ ಮೋಡ ಕವಿದ ಬಿಸಿಲು. ಸಕಲೇಶಪುರದಲ್ಲಿ ತುಂತುರು. ಅಲ್ಲಿಂದ ಮುಂದೆ ಕಿಟಕಿಯ ಆಚೆ ಬೆಟ್ಟವೂ ಇಲ್ಲ, ಕಣಿವೆಯೂ ಇಲ್ಲ. ಬೆಳ್ಳಗೆ ಮಂಜು, ಅದರೊಳಗಿಂದ ಕಿವಿಗೆ ಮಾತ್ರ ಕೇಳುವ ನೀರು.

ನಮ್ಮ ಬಯಲಿಗೂ ಕರಾವಳಿಗೂ ಇಷ್ಟು ಅಂತರವೇಕೆಂಬುದನ್ನು ಈ ಹಾದಿಯಲ್ಲಿ ಕುಳಿತವನಿಗೆ ಪುಸ್ತಕವಿಲ್ಲದೆ ತಿಳಿಯುತ್ತದೆ. ನೈಋತ್ಯದಿಂದ ಬೀಸುವ ಗಾಳಿ ಅರಬ್ಬೀ ಸಮುದ್ರದ ತೇವವನ್ನು ಹೊತ್ತು ತರುತ್ತದೆ. ಅಡ್ಡಲಾಗಿ ಪಶ್ಚಿಮ ಘಟ್ಟ. ಗಾಳಿ ಘಟ್ಟವನ್ನು ಏರಬೇಕು, ಏರಿದಂತೆ ತಣ್ಣಗಾಗಬೇಕು, ತಣ್ಣಗಾದ ಗಾಳಿ ಅಷ್ಟು ತೇವವನ್ನು ಹಿಡಿದಿಡಲಾರದೆ ಕಡಲ ಮಗ್ಗುಲಿಗೇ ಸುರಿದುಬಿಡುತ್ತದೆ. ಘಟ್ಟ ದಾಟಿ ನಮ್ಮ ಕಡೆಗೆ ಇಳಿಯುವ ಗಾಳಿ ದಾನ ಮಾಡಿ ಕೈ ಬರಿದಾದ ದಾನಿ. ನಾವಿರುವುದು ಮಳೆಯ ನೆರಳಿನಲ್ಲಿ. ಇದನ್ನೆಲ್ಲ ಮಗನಿಗೆ ವಿವರಿಸುತ್ತಿದ್ದೆ. ಮೊಮ್ಮಗಳು ಸುರಂಗ ಬಂದಾಗಲೆಲ್ಲ ತಾಯಿಯ ಕತ್ತು ಹಿಡಿಯುವಳು, ಬೆಳಕು ಬಂದಾಗಲೆಲ್ಲ ನಗುವಳು. ಐವತ್ತೇಳು ಬಾರಿ ಹಿಡಿದಳು, ಐವತ್ತೇಳು ಬಾರಿ ನಕ್ಕಳು. ನಾನು ಮಾತ್ರ "ಸುರಂಗ, ಹೇಳು ಸುರಂಗ" ಎನ್ನುತ್ತಿದ್ದೆ.

ಸ್ನೇಹಿತರ ಮನೆ ಕದ್ರಿಯ ಹತ್ತಿರದ ಒಂದು ಓಣಿಯಲ್ಲಿ. ಕೆಂಪು ಮುರಕಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚು, ಮುಂದೆ ಉದ್ದದ ಜಗಲಿ. ಈ ಹೆಂಚು ನೂರೈವತ್ತು ವರ್ಷಕ್ಕೂ ಹಿಂದೆ, ೧೮೬೦ರ ದಶಕದಲ್ಲಿ, ಬಾಸೆಲ್ ಮಿಷನ್ನಿನವರು ನೇತ್ರಾವತಿಯ ದಡದ ಜೇಡಿಮಣ್ಣಿನಿಂದ ಯಂತ್ರದಲ್ಲಿ ಒತ್ತಿ ಸುಡಲು ತೊಡಗಿದ್ದು. ಒಂದರ ತುಟಿ ಇನ್ನೊಂದರ ಗಾಡಿಯಲ್ಲಿ ಕೂರುವ ಆ ಹೆಂಚು ನಮ್ಮೂರಿನ ಶಾಲೆಯ ಮೇಲೂ ಇದೆ. ಆದರೆ ಅದು ಏತಕ್ಕಾಗಿ ಹುಟ್ಟಿತೆಂಬುದು ನನಗೆ ತಿಳಿದದ್ದು ಆ ರಾತ್ರಿ. ಹತ್ತು ಗಂಟೆಗೆ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಬರುತ್ತದೆ, ಹೋಗುತ್ತದೆ. ಇದು ಬಂದು ಕುಳಿತಿತು. ಮಾಡಿನ ಮೇಲೆ ಸಾವಿರ ಕೈಗಳು ಏಕಪ್ರಕಾರವಾಗಿ ಬಡಿಯುತ್ತಿದ್ದಂತೆ ಶಬ್ದ. ಒಂದು ಹನಿಯೂ ಒಳಗೆ ಬೀಳಲಿಲ್ಲ. ಮಗು ಅಷ್ಟು ಸದ್ದಿನಲ್ಲಿ ಹೇಗೆ ಮಲಗೀತೋ ಎಂದುಕೊಂಡೆವು. ಅವಳು ಎಂದೂ ಮಲಗದಷ್ಟು ಗಾಢವಾಗಿ ಮಲಗಿದಳು. ಎಚ್ಚರವಾಗಿದ್ದವನು ನಾನು, ನನ್ನ ಪಟ್ಟಿಯ ಚಿಂತೆಯಲ್ಲಿ.

ಮರುದಿನ ಪಟ್ಟಿಯ ಮೊದಲನೆಯ ಸ್ಥಳ ಬಾವುಟಗುಡ್ಡದ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ ಎಂಬ ಚಿತ್ರಕಾರರು ೧೮೯೯ರಿಂದ ೧೯೦೧ರವರೆಗೆ ದುಡಿದು ಅದರ ಗೋಡೆಗಳನ್ನೂ ಮಾಡನ್ನೂ ಚಿತ್ರಗಳಿಂದ ತುಂಬಿದ್ದಾರೆ. ಹಸಿಗಾರೆಯ ಮೇಲೆ ಬಣ್ಣವಿಟ್ಟ ಚಿತ್ರಗಳೂ ಇವೆ, ಬಟ್ಟೆಯ ಮೇಲಿನ ತೈಲಚಿತ್ರಗಳೂ ಇವೆ. ಇಷ್ಟು ತೇವದ ಊರಿನಲ್ಲಿ ನೂರಿಪ್ಪತ್ತು ವರ್ಷ ಮೀರಿದ ಬಣ್ಣವನ್ನು ಉಳಿಸಿಕೊಂಡು ಬರುವುದು ಸಾಮಾನ್ಯ ಸಾಹಸವಲ್ಲ. ನಾವು ದೊಡ್ಡವರು ಕತ್ತು ನೋಯುವಂತೆ ತಲೆಯೆತ್ತಿ ನೋಡಬೇಕು; ತಂದೆಯ ಹೆಗಲ ಮೇಲೆ ಮಲಗಿದ ಮಗುವಿಗೆ ಆ ಕಷ್ಟವಿಲ್ಲ, ಅದರ ಮುಖ ಇರುವುದೇ ಮೇಲಕ್ಕೆ. ಅವಳು ನಿಜಕ್ಕೂ ಬಹಳ ಹೊತ್ತು ನೋಡಿದಳು. ನಾನು ಸುಮ್ಮನಿರಬೇಕಾಗಿತ್ತು. ಹತ್ತಿರ ಹೋಗಿ "ಯಾರದು, ದೇವದೂತ, ಹೇಳು" ಎಂದೆ. ಕೂಡಲೇ ಅವಳು ಚೀರಿದಳು. ಆ ಮೌನದ ಸ್ಥಳದಲ್ಲಿ ಆ ಚೀರು ಗೋಡೆಗೆ ತಾಗಿ ಹಿಂದಕ್ಕೆ ಬಂದಿತು. ಸೊಸೆ ಅವಳನ್ನು ಎತ್ತಿಕೊಂಡು ಹೊರಗೆ ಹೋದಳು. ನಾವು ಚಿತ್ರ ನೋಡಿ ಬರುವಷ್ಟರಲ್ಲಿ ಮಗು ಮಾಡಿನ ದೋಣಿಯಿಂದ ಧಾರೆಯಾಗಿ ಬೀಳುವ ನೀರಿನ ಮುಂದೆ ನಿಂತು ಕೈ ತಟ್ಟುತ್ತಿದ್ದಳು. ನಾನು ಗಡಿಯಾರ ನೋಡಿಕೊಂಡೆ. ಹದಿನೈದು ನಿಮಿಷ ತಡವಾಗಿತ್ತು.

ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋದೆವು. ಗುರುಪುರ ಹೊಳೆಯೊಳಕ್ಕೆ ಶತ್ರುಗಳ ಯುದ್ಧನೌಕೆಗಳು ನುಗ್ಗದಂತೆ ಕಾಯಲು ಟಿಪ್ಪು ಸುಲ್ತಾನ್ ೧೭೮೪ರಲ್ಲಿ ಕರಿಗಲ್ಲಿನಿಂದ ಕಟ್ಟಿಸಿದ ಕಾವಲು ಕೊತ್ತಳ ಇದು. ಕೋವಿಯ ಬಾಯಿಗೆಂದು ಬಿಟ್ಟ ಕಂಡಿಗಳಿಂದ ನೋಡಿದರೆ ಕೆಂಪಗೆ ಉಕ್ಕಿದ ಹೊಳೆ, ಅದರಾಚೆ ತಣ್ಣೀರುಬಾವಿಯ ಮರಳುದಂಡೆ, ಅದರಾಚೆ ಕಾಣದಿದ್ದರೂ ಗುಡುಗುವ ಕಡಲು. ಮಳೆ ಆಗತಾನೆ ನಿಂತಿತ್ತು. ಮೆಟ್ಟಿಲ ಮೇಲೆಲ್ಲ ಹಸಿರು ಪಾಚಿ. ಮೊಮ್ಮಗಳ ಕೈ ನನ್ನ ಕೈಯಲ್ಲಿತ್ತು. ಮುಂದೇನೆಂದು ನೋಡಲು ಜೇಬಿನಿಂದ ಪಟ್ಟಿ ತೆಗೆಯುವುದಕ್ಕೆ ಆ ಕೈಯನ್ನು ಬಿಟ್ಟೆ. ಎಷ್ಟು ಹೊತ್ತು ಬಿಟ್ಟಿದ್ದೆನೋ, ಒಂದು ಉಸಿರಿನಷ್ಟು. ಅಷ್ಟರಲ್ಲಿ ಅವಳು ಜಾರಿ ಎರಡು ಮೆಟ್ಟಿಲು ಕೆಳಕ್ಕೆ ಬಿದ್ದಿದ್ದಳು. ತುಟಿ ಒಡೆದು ರಕ್ತ. ಮಗ ಓಡಿಬಂದು ಎತ್ತಿಕೊಂಡ. ದೊಡ್ಡ ಗಾಯವೇನಲ್ಲ, ದೇವರ ದಯೆ. ಆದರೆ ಆ ಮೆಟ್ಟಿಲ ಕೆಳಗೆ ಇನ್ನೂ ಮೆಟ್ಟಿಲುಗಳಿದ್ದವು; ಅವನ್ನು ನಾನು ಇಂದಿಗೂ ಎಣಿಸುತ್ತಿರುತ್ತೇನೆ.

ಸೊಸೆ ಒಂದು ಮಾತೂ ಆಡಲಿಲ್ಲ. ರಿಕ್ಷಾದಲ್ಲಿ ಮನೆಗೆ ಬಂದು, ಮಗುವಿನ ತುಟಿ ತೊಳೆದು, ಮಲಗಿಸಿ, ಆಮೇಲೆ ಜಗಲಿಗೆ ಬಂದಳು. ಅವಳು ಗಟ್ಟಿಯಾಗಿ ಮಾತನಾಡುವವಳಲ್ಲ. "ಮಾವ, ನೀವು ಪ್ರೀತಿಯಿಂದಲೇ ಮಾಡುತ್ತೀರಿ, ನನಗೆ ಗೊತ್ತು. ಆದರೆ ಅವಳು ನಿಮ್ಮ ಶಾಲೆಯ ಹುಡುಗಿಯಲ್ಲ. ನಾವು ಅವಳಿಗೆ ಊರು ತೋರಿಸುತ್ತಿಲ್ಲ, ಊರಿನೆದುರು ಅವಳನ್ನು ಪರೀಕ್ಷೆಗೆ ನಿಲ್ಲಿಸುತ್ತಿದ್ದೇವೆ. ಎಲ್ಲರೂ ಅವಳ ಬಾಯನ್ನೇ ನೋಡುತ್ತಾರೆ. ಅವಳು ನೋಡುವುದನ್ನು ಯಾರೂ ನೋಡುವುದಿಲ್ಲ" ಎಂದಳು. ಎಂದವಳು ಸೆರಗಿನಿಂದ ಕಣ್ಣೊರಸಿಕೊಂಡು ಒಳಗೆ ಹೋದಳು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಮೂವತ್ತು ವರ್ಷ ಮೇಜಿನ ಈಚೆ ನಿಂತು ಪ್ರಶ್ನೆ ಕೇಳಿದವನಿಗೆ ಅಂದು ಉತ್ತರ ಹೊಳೆಯಲಿಲ್ಲ.

ಆ ರಾತ್ರಿ ಮಳೆಗೆ ಗಾಳಿಯೂ ಸೇರಿತು. ಕರೆಂಟು ಹೋಯಿತು. ಬೆಳಗಿನ ಜಾವ ಸ್ನೇಹಿತರು ಮೊಬೈಲ್ ಹಿಡಿದುಕೊಂಡು ಬಂದು, "ರೆಡ್ ಅಲರ್ಟ್ ಮಾರಾಯ, ಶಾಲೆಗಳಿಗೆಲ್ಲ ರಜೆ" ಎಂದರು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ ೨೦೪.೪ ಮಿಲಿಮೀಟರ್ ಮೀರಿದರೆ ಅದು ಅತ್ಯಂತ ಭಾರೀ ಮಳೆ. ನಮ್ಮ ಕಡೆ ಜೂನ್ ಜುಲೈ ಎರಡು ತಿಂಗಳು ಸೇರಿದರೂ ಅಷ್ಟು ಬೀಳುವುದು ಅಪರೂಪ. ಪಟ್ಟಿಯಲ್ಲಿ ಅಂದು ಪಣಂಬೂರಿನ ಕಡಲ ತೀರ, ಹಳೆಯ ಬಂದರು, ಮಂಗಳಾದೇವಿ ಎಂದಿತ್ತು. ಸ್ನೇಹಿತರು ನಕ್ಕರು. "ಕಡಲಿನ ಹತ್ತಿರ ಈಗ ಊರಿನವರೇ ಹೋಗುವುದಿಲ್ಲ. ಯಾಂತ್ರಿಕ ದೋಣಿಗಳೆಲ್ಲ ಜೂನ್ ಒಂದರಿಂದ ಜುಲೈ ಮೂವತ್ತೊಂದರ ತನಕ ದಕ್ಕೆಯಲ್ಲಿ ಕಟ್ಟಿಹಾಕಿದ್ದು ಉಂಟು. ಮೀನು ಮರಿಯಿಡುವ ಕಾಲ, ಕಡಲೂ ಒಳ್ಳೆಯದಲ್ಲ. ಕಡಲಿಗೇ ರಜೆ, ಶಾಲೆಗೂ ರಜೆ, ನೀನೊಬ್ಬ ಎಲ್ಲಿಗೆ ಹೋಗುತ್ತಿ?" ಎಂದರು. ನಾನು ಪಟ್ಟಿಯನ್ನು ಹೊರಗೆ ತೆಗೆದೆ. ನಿನ್ನೆಯ ಮಳೆಯಲ್ಲಿ ನೆನೆದು ಶಾಯಿಯೆಲ್ಲ ಹರಡಿತ್ತು. ಸೊಸೆಗೆ ಕಾಣುವಂತೆಯೇ ಅದನ್ನು ಮಡಿಸಿ ಬಚ್ಚಲ ಒಲೆಗೆ ಹಾಕಿದೆ. ಒದ್ದೆಯಾದ್ದರಿಂದ ಬೇಗ ಹತ್ತಲಿಲ್ಲ. ಅವಳು ನಕ್ಕುಬಿಟ್ಟಳು.

ಅಂದಿನ ದಿನವೆಲ್ಲ ಜಗಲಿಯಲ್ಲಿ ಕಳೆಯಿತು. ಹೇಗೆ ಕಳೆಯಿತೆಂದು ಹೇಳಲೆ? ಸ್ನೇಹಿತರ ಮನೆಯಾಕೆ ತುಳು ಮಾತಿನವರು. ಅವರು ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ತಮ್ಮ ಕೆಲಸ ತಾವು ಮಾಡುತ್ತಿದ್ದರು. ಅವಳಿಗೆಂದು ಏನನ್ನೂ ಕಲಿಸಲಿಲ್ಲ. ಅಂಗಳದ ಬಟ್ಟಲಡಕೆಯ ಮರ ಗಾಳಿಗೆ ಬಾಗಿದರೆ ಮಗು ಅತ್ತ ನೋಡುವಳು. ಅವರೂ ಅತ್ತ ನೋಡಿ ತುಳುವಿನಲ್ಲಿ ಏನೋ ಹೇಳುವರು. ಕಪ್ಪೆಯೊಂದು ಮೆಟ್ಟಿಲು ಹತ್ತಿ ಬಂದರೆ ಇಬ್ಬರೂ ಅದರ ಮುಂದೆ ಕುಕ್ಕರಗಾಲಲ್ಲಿ ಕೂರುವರು. ಮಾಡಿನಿಂದಿಳಿಯುವ ನೀರಿಗೆ ಚೊಂಬು ಹಿಡಿಯುವರು, ತುಂಬುವುದು, ಚೆಲ್ಲುವರು, ಮತ್ತೆ ಹಿಡಿಯುವರು. ಪಡುವಣದಿಂದ ಮಳೆಯ ಹೊಸ ಅಲೆ ತೆಂಗಿನ ತೋಟದ ಮೇಲೆ ಸದ್ದು ಮಾಡುತ್ತ ಬರುವಾಗಲೆಲ್ಲ ಆಕೆ ಮಗುವಿನ ಗಲ್ಲವನ್ನು ಅತ್ತ ತಿರುಗಿಸಿ, "ತೂಲ ಬಾಲೆ, ಬರ್ಸ ಬರ್ಪುಂಡು" ಎನ್ನುವರು. ನೋಡು ಮಗು, ಮಳೆ ಬರುತ್ತಿದೆ, ಎಂದರ್ಥ. ಬೆಳಗಿನಿಂದ ಸಂಜೆಯವರೆಗೆ ಎಷ್ಟು ಸಲ ಹೇಳಿದರೋ! ಒಮ್ಮೆಯಾದರೂ 'ಹೇಳು' ಎನ್ನಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತು. ಮೊಮ್ಮಗಳು ನನ್ನ ತೊಡೆಯ ಮೇಲಿದ್ದಳು. ದೂರದಲ್ಲಿ ಆ ಸದ್ದು ಕೇಳಿತು. ಅವಳು ತಟ್ಟನೆ ಎದ್ದು ನಿಂತು, ನನ್ನ ಗಲ್ಲವನ್ನು ತನ್ನ ಪುಟ್ಟ ಕೈಯಿಂದ ಹಿಡಿದು ಪಡುವಣಕ್ಕೆ ತಿರುಗಿಸಿ, "ಬಸ್ಸ" ಎಂದಳು.

ಮನೆಯಲ್ಲಿ ಗದ್ದಲವೆದ್ದಿತು. "ಬಸ್ಸು ಅಂದಳು! ಬಸ್ಸು ಕೇಳುತ್ತಿದೆ" ಎಂದ ಮಗ. "ಇಲ್ಲ, ಬಾಸ್ಸ ಅಂದಳು, ಅಪ್ಪನನ್ನು ಕರೆದಳು" ಎಂದಳು ನನ್ನ ಹೆಂಡತಿ. ಅದಕ್ಕೆ ಆಧಾರವೇನೋ ನಾನರಿಯೆ. ಸ್ನೇಹಿತರ ಮನೆಯಾಕೆ ಒಲೆಯ ಮುಂದಿನಿಂದಲೇ, "ಬರ್ಸ ಅಂದದ್ದು ಮಾರಾಯ್ರೆ, ಮಳೆ ಬಂತಲ್ಲ, ಕೇಳುವುದಿಲ್ಲವಾ ನಿಮಗೆ?" ಎಂದರು. ಅಷ್ಟರಲ್ಲಿ ಮಳೆ ಅಂಗಳಕ್ಕೆ ಬಂದೇ ಬಿಟ್ಟಿತು. ಮೊಮ್ಮಗಳು ಎರಡೂ ಕೈಯೆತ್ತಿ "ಬಸ್ಸ, ಬಸ್ಸ" ಎಂದು ಕುಣಿದಳು. ಸಂದೇಹ ಉಳಿಯಲಿಲ್ಲ. ಸೊಸೆ ಕಂಬ ಹಿಡಿದು ನಿಂತು ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಕನ್ನಡ ಪಂಡಿತನ ಮೊಮ್ಮಗಳ ಮೊದಲ ಮಾತು ತುಳು! ಸ್ನೇಹಿತರಿಗೆ ಹಿಡಿಸಲಾರದ ಹಿಗ್ಗು. ನಾನೂ ಸೋಲೊಪ್ಪುವವನಲ್ಲ. 'ಬರ್ಸ' ಎಂಬುದು ಸಂಸ್ಕೃತದ 'ವರ್ಷ' ಶಬ್ದದ ಬಂಧು. ವಕಾರಕ್ಕೆ ಬಕಾರ ಬಂದು, ಷಕಾರಕ್ಕೆ ಸಕಾರ ಬಂದು ಹಳೆಗನ್ನಡದಲ್ಲಿಯೂ 'ಬರಿಸ' ಎಂಬ ತದ್ಭವವಿದೆ. ಆದ್ದರಿಂದ ಮಗು ಆಡಿದ್ದು ಹಳೆಗನ್ನಡವೇ ಏಕಾಗಬಾರದು ಎಂದು ವಾದ ಹೂಡಿದೆ. "ನಿಮ್ಮ ವ್ಯಾಕರಣ ಅತ್ತ ಇರಲಿ, ಮಗುವಿಗೆ ಗಂಜಿ ಆರುತ್ತದೆ" ಎಂದು ಮನೆಯಾಕೆ ಕುಚ್ಚಲಕ್ಕಿಯ ಗಂಜಿಯ ಬಟ್ಟಲು ತಂದಿಟ್ಟರು. ವಾದ ಅಲ್ಲಿಗೆ ಮುಗಿಯಿತು.

ರಾತ್ರಿ ಮಲಗಿದ ಮೇಲೆ ಇನ್ನೊಂದು ಮಾತು ನೆನಪಾಯಿತು. ನಾನಿದ್ದ ಊರು ಶಬ್ದಗಳ ಊರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗರು ೧೮೪೩ರ ಜುಲೈ ಒಂದರಂದು ಹೊರಡಿಸಿದ್ದು ಇಲ್ಲಿ. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಅಚ್ಚಾದದ್ದು ಇಲ್ಲಿಯ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಪಟ್ಟಿಯ ಆರನೆಯ ಸ್ಥಳ ಅದೇ ಆಗಿತ್ತು. ಬೇರೆ ದೇಶದಿಂದ ಬಂದವನಿಗೆ ನಮ್ಮ ಮಾತು ದಕ್ಕಿದ್ದು ಹೇಗೆ? ಜನ ಏನು ನೋಡುತ್ತಾರೆ, ಅದಕ್ಕೆ ಏನೆನ್ನುತ್ತಾರೆ ಎಂದು ವರ್ಷಗಟ್ಟಲೆ ಕಿವಿಗೊಟ್ಟದ್ದರಿಂದಲ್ಲವೆ? ಪಂಜೆ ಮಂಗೇಶರಾಯರೂ ಈ ಸೀಮೆಯ ಶಾಲಾಮೇಷ್ಟರೇ. ತೆಂಕಣ ಗಾಳಿಯ ಆಟವನ್ನು ಕುರಿತ ಅವರ ಪದ್ಯವನ್ನು ನಾನು ಎಷ್ಟು ತರಗತಿಗಳಿಗೆ ಬೋಧಿಸಿದ್ದೇನೆ! ಪದವಿಭಾಗ, ಸಮಾಸ, ಛಂದಸ್ಸು, ಎಲ್ಲ ಸರಿಯಾಗಿಯೇ ಹೇಳಿದ್ದೆ. ಆ ಗಾಳಿಯನ್ನು ಮಾತ್ರ ಕೇಳಿರಲಿಲ್ಲ. ಅಂದು ರಾತ್ರಿ ತೆಂಗಿನ ತಲೆಗಳನ್ನು ಹಿಡಿದಲ್ಲಾಡಿಸುತ್ತಿದ್ದ ಗಾಳಿಯನ್ನು ಕೇಳುತ್ತ, ನನ್ನ ವಿದ್ಯಾರ್ಥಿಗಳಿಗೆ ನಾನು ಏನನ್ನು ಕೊಟ್ಟೆ, ಏನನ್ನು ಕೊಡಲಿಲ್ಲ ಎಂದು ಯೋಚಿಸುತ್ತ ಮಲಗಿದ್ದೆ.

ಮೂರನೆಯ ದಿನ ಮಳೆ ತುಸು ಹೊಳವಾಯಿತು. ಎಲ್ಲಿಗೆ ಹೋಗೋಣವೆಂದು ಈ ಸಲ ಸೊಸೆಯನ್ನು ಕೇಳಿದೆ. ಹತ್ತಿರದ ಕದ್ರಿ ದೇವಸ್ಥಾನವೊಂದೇ ಸಾಕೆಂದಳು. ಬೆಳಗ್ಗೆ ಮಗು ತಾನಾಗಿ ಎದ್ದು, ಉಂಡು, ಆಡಿದ ಮೇಲೆ ಹೊರಟೆವು. ಮಂಜುನಾಥನ ಸನ್ನಿಧಿಯಲ್ಲಿ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಮೂರು ಮುಖ, ಆರು ಕೈ. ಆಳುಪ ರಾಜ ಕುಂದವರ್ಮನು ೯೬೮ರಲ್ಲಿ ಪ್ರತಿಷ್ಠೆ ಮಾಡಿಸಿದನೆಂದು ಅದರ ಪೀಠದ ಶಾಸನವೇ ಹೇಳುತ್ತದೆ. ಸಾವಿರ ವರ್ಷ ದಾಟಿದ ಆ ಮುಖದ ಶಾಂತಿಯನ್ನು ನಾನು ಕಣ್ತುಂಬ ನೋಡಿದೆ. ಮೊಮ್ಮಗಳು ನೋಡಿದ್ದು ದೇವಸ್ಥಾನದ ಹಿಂದಿನ ಗುಡ್ಡದಿಂದಿಳಿದು ಗೋಮುಖದಲ್ಲಿ ಸುರಿಯುವ ನೀರನ್ನು, ಪುಟ್ಟ ಪುಟ್ಟ ಕೆರೆಗಳಲ್ಲಿ ಹನಿ ಬಿದ್ದು ಏಳುವ ಬಳೆಗಳನ್ನು. ಮುಕ್ಕಾಲು ಗಂಟೆ ನೋಡಿದಳು. ನಾನು ಅವಳ ಪಕ್ಕದಲ್ಲಿ ಕೂತು, ಕೈ ಬಿಡದೆ, ಅವಳು ನೋಡಿದ್ದನ್ನೇ ನೋಡಿದೆ. "ನೀರು" ಎಂದೆ. ಹೇಳು ಎನ್ನಲಿಲ್ಲ. ಅವಳೂ ಹೇಳಲಿಲ್ಲ. ಅದನ್ನು ಅವಳು ಹೇಳಿದ್ದು ಹಿಂದಿರುಗಿ ಬರುವಾಗ, ಘಾಟಿಯ ಸುರಂಗವೊಂದರ ಬಾಯಲ್ಲಿ ಝರಿಯೊಂದನ್ನು ಕಂಡಾಗ.

ಒಂಬತ್ತು ಸ್ಥಳಗಳಲ್ಲಿ ಮೂರನ್ನು ನೋಡಿ ಬಂದೆವು. ನಿಮ್ಮಲ್ಲಿ ಯಾರಾದರೂ ಎಳೆಯ ಮಗುವಿನೊಡನೆ ಇಂಥ ಊರಿಗೆ ಹೊರಡುವುದಾದರೆ, ಪೆಟ್ಟು ತಿಂದವನಾಗಿ ನಾಲ್ಕು ಮಾತು ಹೇಳುತ್ತೇನೆ. ದಿನಕ್ಕೊಂದು ಸ್ಥಳ ಸಾಕು. ಅದೂ ಮಗುವಿನ ನಿದ್ದೆ ಊಟಗಳ ನಡುವೆ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಬೆಳಗ್ಗೆ ನೋಡಿಕೊಳ್ಳಿ. ಮಳೆಗಾಲದ ಕಡಲನ್ನು ದೂರದಿಂದ ನಮಸ್ಕರಿಸಿ. ಬಟ್ಟೆ ಅಲ್ಲಿ ಮೂರು ದಿನವಾದರೂ ಒಣಗದು; ಮನೆಯಲ್ಲಿ ಬೇಕೆನಿಸುವುದಕ್ಕಿಂತ ಇಮ್ಮಡಿ ಒಯ್ಯಿರಿ. ಕಾಯಿಸಿ ಆರಿಸಿದ ನೀರು, ಸೊಳ್ಳೆ ಪರದೆ, ವೈದ್ಯರು ಅಳತೆ ಹೇಳಿಕೊಟ್ಟ ಜ್ವರದ ಔಷಧ, ಓಆರ್‌ಎಸ್ ಪೊಟ್ಟಣ, ಇಷ್ಟು ಚೀಲದಲ್ಲಿರಲಿ. ಪಾಚಿಯ ಮೆಟ್ಟಿಲಲ್ಲಿ ಮಗುವಿನ ಕೈ ಹಿಡಿದವರು ಕೊಡೆಯನ್ನಾಗಲಿ ಕಾಗದವನ್ನಾಗಲಿ ಹಿಡಿಯಕೂಡದು. ಮತ್ತೊಂದು ಮಾತು. ನಿಮ್ಮ ಮಗುವಿಗೆ ಮಾತು ತಡವೆಂದು ತೋರಿದರೆ, ಮಳೆ ನೋಡಿದರೆ ಬಂದೀತೆಂದು ನನ್ನ ಕಥೆ ನಂಬಿ ಕೂರಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ, ತಿಳಿದವರಿಗೆ ತೋರಿಸಿ. ನಾವೂ ಹೇಳಿದ ತಿಂಗಳಿಗೆ ಮೈಸೂರಿಗೆ ಮತ್ತೆ ಹೋದೆವು; ಅವರು ಹೇಳಿದಂತೆ ನಡೆದೆವು. ಮಳೆ ಕಲಿಸಿದ್ದು ಮಗುವಿಗಲ್ಲ, ನನಗೆ.

ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅವಳ ಬಾಯಿ ಮುಚ್ಚಿಸುವುದೇ ನಮಗೆ ಕೆಲಸ. ನಮ್ಮೂರಿನಲ್ಲಿ ಅಪರೂಪಕ್ಕೊಮ್ಮೆ ಪಡುವಣದ ಮೋಡ ಏರಿ ನಾಲ್ಕು ಹನಿ ಬಿದ್ದರೆ, ಎಲ್ಲಿದ್ದರೂ ಓಡಿಬಂದು, ಎಲ್ಲ ಕನ್ನಡವನ್ನೂ ಬದಿಗಿಟ್ಟು, "ತಾತಾ, ಬರ್ಸ!" ಎಂದು ಕೂಗುತ್ತಾಳೆ. ಸೊಸೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ನಾನು ಕೈಯಲ್ಲಿದ್ದ ಪುಸ್ತಕ ಕೆಳಗಿಡುತ್ತೇನೆ. ಕೊಡೆಯ ಅಂಗಡಿಯವನ ಪ್ರಶ್ನೆಗೆ ಉತ್ತರವೂ ಈಗ ಸಿಕ್ಕಿದೆ. ನೋಡಲು ಹೋದೆವು, ನೆನೆದು ಬಂದೆವು, ಮಳೆ ಬಂದಾಗಲೆಲ್ಲ ನೆನೆಯುತ್ತೇವೆ.